ಒಂದೇ ಕೈಯಲ್ಲಿ ಎತ್ತಿದ ಕಿತ್ತಳೆ ಕಂಪ್ಯೂಟರ್

ಮಾರ್ಚ್ ೧೪, ಗುರುವಾರ

ಅಕ್ಕನಿಗೆ ಇವತ್ತು ಸುಳ್ಳು ಹೇಳಿದೆ. ಅದೇ ಕೊರೆಯುತ್ತಿದೆ.

ಹಳೆಯ ಕಂಪ್ಯೂಟರ್‌ಗಳ ಪ್ರದರ್ಶನಕ್ಕೆ ಅವಳನ್ನು ಕರೆದುಕೊಂಡು ಹೋಗಿದ್ದೆ. ಕಿತ್ತಳೆ, ನೇರಳೆ, ಹಸಿರು. ಸಾಲಾಗಿ ಇಟ್ಟ ಪೆಪ್ಪರಮೆಂಟಿನ ಹಾಗೆ. ಇಪ್ಪತ್ತೈದು ವರ್ಷದ ಹಿಂದೆ ಆ ಕಿತ್ತಳೆ ಬಣ್ಣದ್ದರ ಜಾಹೀರಾತಿಗೆ ಫೋಟೊ ತೆಗೆದವನು ನಾನೇ. ರೂಪದರ್ಶಿ ಕೈಕೊಟ್ಟಳೆಂದು ಅಕ್ಕನನ್ನು ನಿಲ್ಲಿಸಿದ್ದೆ. ಫೋಟೊದಲ್ಲಿ ಅವಳು ಒಂದೇ ಕೈಯಲ್ಲಿ ಅದನ್ನು ತಲೆಯ ಮೇಲೆತ್ತಿ ನಗುತ್ತಿದ್ದಾಳೆ. ಕೆಳಗೆ ‘ಹಗುರ ಬದುಕಿಗೆ ಹಣ್ಣಿನ ಬಣ್ಣ’ ಎಂಬ ಸಾಲು. ಆ ಫೋಟೊ ಇಂದಿಗೂ ಅವಳ ಮನೆಯ ಗೋಡೆಯ ಮೇಲಿದೆ. ಬಂದವರಿಗೆಲ್ಲ ತೋರಿಸುತ್ತಾಳೆ.

ಇವತ್ತು ಆ ಕಿತ್ತಳೆ ಕಂಪ್ಯೂಟರ್ ಕಂಡದ್ದೇ ತಡ, ಬಲಗೈ ಹಾಕಿ ಎತ್ತಲು ಹೋದಳು. ಅದು ಅಲುಗಾಡಲಿಲ್ಲ.

“ಕೈಯಲ್ಲಿ ಬಲಾನೇ ಇಲ್ಲ ಕಣೋ. ಮುದುಕಿ ಆಗ್ಬಿಟ್ಟೆ,” ಎಂದು ಅಂಗೈಯನ್ನೇ ನೋಡಿಕೊಂಡಳು.

ಅಂದು ಅವಳು ಎತ್ತಿದ್ದು ಬರೀ ಪ್ಲಾಸ್ಟಿಕ್ ಚಿಪ್ಪು. ಕಂಪನಿಯವರು ಫೋಟೊಗೆಂದೇ ಕಳಿಸಿದ್ದು, ಒಳಗೆ ಏನೂ ಇರಲಿಲ್ಲ. ಅದನ್ನು ಅವಳಿಗೆ ಹೇಳಬೇಕೆಂದು ಆಗ ನನಗೆ ಹೊಳೆಯಲೇ ಇಲ್ಲ. ಇವತ್ತು ಹೇಳಿದ್ದರೆ ಅವಳ ಕೈಗೆ ಬಲ ಬರುತ್ತಿತ್ತು, ಗೋಡೆಯ ಫೋಟೊ ಕೆಳಗಿಳಿಯುತ್ತಿತ್ತು.

“ವಯಸ್ಸು ಯಾರನ್ನ ಬಿಟ್ಟಿದೆ ಅಕ್ಕಾ,” ಅಂದುಬಿಟ್ಟೆ.

ಮನೆ ಸೇರುವವರೆಗೂ ಅವಳು ಎಡಗೈಯಿಂದ ಬಲಗೈಯನ್ನು ನೀವಿಕೊಳ್ಳುತ್ತಲೇ ಇದ್ದಳು.