ತಾತ ಕೇಳಿದ ಸೇತುವೆ

ಕುಮಾರ ಪಾರ್ಕ್, ಭಾನುವಾರ

ದೊಡ್ಡಮ್ಮಾ, ನಿನ್ನ ಪ್ರತಿಭಾಳ ನಮಸ್ಕಾರ.

ನಾನು ನೋಡಿಕೊಳ್ಳುತ್ತಿದ್ದ ಜಪಾನಿ ತಾತ ಮೊನ್ನೆ ಮಗಳ ಜೊತೆ ಅವರ ದೇಶಕ್ಕೆ ಹೊರಟುಹೋದರು. ದಿನಾ ಸಂಜೆ ಅವರು ಕಿಟಕಿಯ ಕಡೆ ಕೈ ತೋರಿಸಿ "ಹಶಿ" ಎನ್ನುತ್ತಿದ್ದರು. ಹಶಿ ಎಂದರೆ ಅವರು ಊಟ ಮಾಡುವ ಕಡ್ಡಿ ಎಂದು ಕಲಿತಿದ್ದೆ. ಓಡಿಹೋಗಿ ತಂದುಕೊಡುತ್ತಿದ್ದೆ. ತಾತ ತಲೆಬಾಗಿ ತೆಗೆದುಕೊಂಡು, ತೊಡೆಯ ಮೇಲಿಟ್ಟುಕೊಂಡು ಮತ್ತೆ ಕಿಟಕಿಯ ಕಡೆ ನೋಡುತ್ತಿದ್ದರು.

ಹೊರಡುವ ದಿನವೂ ಹಾಗೇ ಕೊಟ್ಟೆ. ದಿನಾ ಸಂಜೆ ಕೆಲಸದಲ್ಲಿರುತ್ತಿದ್ದ ಮಗಳು ಚಿಹಾರು ಮೇಡಂ ಅವತ್ತು ಮನೆಯಲ್ಲೇ ಇದ್ದು ನೋಡಿಬಿಟ್ಟರು; ಅವರು ಕನ್ನಡ ಕಲಿತಿದ್ದಾರೆ. "ಅಯ್ಯೋ ಪ್ರತಿಭಾ, ಅಪ್ಪ ಸೇತುವೆ ಕೇಳ್ತಿದಾರೆ! ದನಿಯಲ್ಲಿ ಹ ಎತ್ತಿ ಶಿ ಇಳಿಸಿದ್ರೆ ಕಡ್ಡಿ, ಹ ಇಳಿಸಿ ಶಿ ಎತ್ತಿದ್ರೆ ಸೇತುವೆ" ಎಂದರು. ನಮ್ಮಲ್ಲಿ ಹಾಲು ಎಂದು ಹೇಗೆ ಎತ್ತಿ ಇಳಿಸಿ ಕೂಗಿದರೂ ಹಾಲೇ ಅಲ್ಲವೇ? ನನ್ನ ಕಿವಿಗೆ ಎರಡೂ ಒಂದೇ ಆಗಿತ್ತು.

ತಾತ ಅಲ್ಲಿ ರೈಲು ಓಡಿಸುತ್ತಿದ್ದವರು. ಓಕಳಿಪುರಂ ಕಡೆಯ ಸೇತುವೆಯ ಮೇಲೆ ನಿಂತು ರೈಲು ನೋಡುವ ಆಸೆಯಂತೆ. ಆಟೊದಲ್ಲಿ ಹತ್ತೇ ನಿಮಿಷದ ದಾರಿ ನೋಡು! ಆದರೆ ಟ್ಯಾಕ್ಸಿ ಆಗಲೇ ಬಾಗಿಲಿಗೆ ಬಂದಿತ್ತು.

ಇವತ್ತು ಬೆಳಿಗ್ಗೆ ಒಬ್ಬಳೇ ಹೋಗಿ ರೈಲಿನ ವಿಡಿಯೊ ಮಾಡಿ ಮೇಡಂಗೆ ಕಳಿಸಿದೆ.

ನಾಳೆಯಿಂದ ಮಲ್ಲೇಶ್ವರದಲ್ಲಿ ಹೊಸ ಮನೆ ಕೆಲಸ. ಮಂಡಿನೋವಿನ ಮಾತ್ರೆ ತಪ್ಪಿಸಬೇಡ.

ಇದನ್ನು ಬರೆಯುವಾಗಲೇ ಮೇಡಂ ಉತ್ತರ ಬಂತು. "ಫೋನಲ್ಲಿ ಚಿಕ್ಕದು, ಅಪ್ಪಂಗೆ ಕಾಣಲಿಲ್ಲ. ಕಿವಿ ಹತ್ರ ಇಟ್ಕೊಂಡು ಕೇಳ್ತಾ ಕೂತಿದಾರೆ" ಎಂದಿದ್ದಾರೆ.

ಕಾಗದದಲ್ಲಿ ಜಾಗ ಮುಗಿಯಿತು.
ಪ್ರತಿಭಾ