ಮೇಕೆಗೆ ಬೀಗ ಹಾಕಿದ ಶಾಲೆ

ತಾಂಗಾ
ಮಂಗಳವಾರ, ಮಾರ್ಚ್ 12, 2019

ಮುಖ್ಯೋಪಾಧ್ಯಾಯಿನಿಯೂ ನನ್ನ ಮಗಳೂ ಆದ ರಾಯಾ,

ಹೋದ ವಾರ ಸೋಮವಾರ ನೀನು ನಿನ್ನ ಶಾಲೆಯ ಮಕ್ಕಳ ಕೈ ಕಟ್ಟಿಹಾಕಿದೆ. ಅವರು ಬಳಸಿ ಕಲಿಯುತ್ತಿದ್ದ ತುರಿಮಣೆ, ಗಾಜಿನ ಹೂಜಿ, ಬಾಳೆಹಣ್ಣು ಹೆಚ್ಚುವ ಪುಟ್ಟ ಚಾಕು ಎಲ್ಲವನ್ನೂ ಕಪಾಟಿಗೆ ತುಂಬಿ ಬೀಗ ಜಡಿದೆ. ಅವುಗಳ ಜಾಗದಲ್ಲಿ ಪ್ಲಾಸ್ಟಿಕ್ ಹಣ್ಣು ಇಟ್ಟೆ. ಕಾರಣ ಊರಿಗೆಲ್ಲ ಗೊತ್ತು. ಕಾಯಿ ತುರಿಯುವಾಗ ಬಂದರಿನ ಏಜೆಂಟ್ ಶಾಬಾನನ ಮಗನ ಬೆರಳು ತರಚಿತು. ಹುಡುಗ ಅಳಲಿಲ್ಲ, ಅಪ್ಪ ಅತ್ತ. "ನಾನು ಫೀಸು ಕಟ್ಟೋದು ಮಗ ಇಂಗ್ಲಿಷ್ ಕಲೀಲಿ ಅಂತ, ಅಡುಗೆಭಟ್ಟ ಆಗ್ಲಿ ಅಂತಲ್ಲ!" ಎಂದು ನಿನ್ನ ಅಂಗಳದಲ್ಲೇ ಕೂಗಾಡಿದ. ನೀನು ಒಪ್ಪಿ ತಲೆಯಾಡಿಸಿದೆ.

ಮರುದಿನ ಗೇಟಿನ ಮೇಲೆ ನೋಟೀಸು: "ಇನ್ನು ಮುಂದೆ ಶಾಲೆಯಲ್ಲಿ ಎಂಬೂಜಿ ನಿಷೇಧ." ತುರಿಮಣೆಗೂ ಮೇಕೆಗೂ ನಮ್ಮ ಭಾಷೆಯಲ್ಲಿ ಎಂಬೂಜಿ ಎಂಬ ಒಂದೇ ಹೆಸರಿರುವುದು ನಿನಗೆ ಮರೆತೇಹೋಯಿತೇ? ಬೇಲಿ ಪಕ್ಕ ಮೇಯುತ್ತಿದ್ದ ತನ್ನ ಮೇಕೆಯನ್ನು ಮುದುಕ ಕೊಂಬೋ ಬಿಚ್ಚಿ ಎಳೆದುಕೊಂಡು ಹೋದ. "ಬಾರಮ್ಮಾ, ನೀನೂ ಫೀಸು ಕಟ್ಟಿಲ್ಲ ಅಂತ ಕಾಣತ್ತೆ" ಎಂದನಂತೆ. ಸಂತೆಯಲ್ಲಿ ಹೆಂಗಸರು ನನ್ನನ್ನು ತಡೆದು, "ಬೀಬಿ ಹಿದಾಯಾ, ನಿಮ್ಮ ಮಗಳು ಮೇಕೇನೂ ಫೇಲ್ ಮಾಡಿದ್ಲಂತಲ್ಲ!" ಎಂದು ನಕ್ಕರು. ನಾನೂ ನಕ್ಕೆ, ಸೌಮುವನ್ನು ನೋಡುವವರೆಗೆ.

ನಮ್ಮ ಪಕ್ಕದ ಮನೆಯ ಮೀನು ಮಾರುವವಳ ಮಗಳು ಸೌಮು. ಜ್ವರ ಬಂದು ಹೋದ ಮೇಲೆ ಅವಳ ಬಲಗೈ ಬೆರಳು ಮಡಚುತ್ತಿರಲಿಲ್ಲ. ನಿನ್ನ ಶಾಲೆಯ ಪುಟ್ಟ ತುರಿಮಣೆಯ ಮೇಲೆ ಕೂತು, ಕಾಯಿಹೋಳನ್ನು ಒತ್ತಿ ಒತ್ತಿ ತುರಿಯುತ್ತ ಹೋದಂತೆ ಬೆರಳುಗಳು ಮೆಲ್ಲಗೆ ಮಡಚತೊಡಗಿದವು. ಒಂದು ಬೆಳಿಗ್ಗೆ ತನ್ನ ಅಂಗಿಯ ಗುಂಡಿ ತಾನೇ ಹಾಕಿಕೊಂಡು ಓಡಿಬಂದು ನನಗೆ ತೋರಿಸಿದಳು. ಬಿಚ್ಚಿ, ಮತ್ತೆ ಹಾಕಿ ತೋರಿಸಿದಳು. ಆಮೇಲೆ ಪೆನ್ಸಿಲ್ ಹಿಡಿದಳು.

ಈಗ ಅವಳು ಶಾಲೆಗೆ ಹೋಗುತ್ತಿಲ್ಲ. ಕೇಳಿದರೆ, "ಅಜ್ಜಿ, ಈಗ ಎಲ್ರೂ ಕೈಕಟ್ಟಿ ಕೂತ್ಕೋಬೇಕು. ನಂಗೆ ಕೈ ಕಟ್ಟೋಕೂ ಸರಿಯಾಗಿ ಬರಲ್ಲ, ಟೀಚರ್ ಬೈತಾರೆ" ಎಂದಳು. ಪ್ಲಾಸ್ಟಿಕ್ ಪಪ್ಪಾಯಿ ಇದೆಯಲ್ಲೇ ಎಂದೆ. "ಅದು ಸುಳ್ಳು ಹಣ್ಣು. ಕತ್ತರಿಸಿದ್ರೂ ಮತ್ತೆ ಅಂಟ್ಕೊಳ್ಳತ್ತೆ" ಎಂದಳು.

ಈ ಊರಿನ ಗ್ರಂಥಾಲಯವನ್ನು ನೋಡಿಕೊಂಡು ಮುದುಕಿಯಾದವಳು ನಾನು. ಶಿಸ್ತನ್ನು ಹೊಗಳುವ ಪುಸ್ತಕಗಳನ್ನೂ ಓದಿದ್ದೇನೆ. ನಾನು ಸ್ವತಃ ಕೈಕಟ್ಟಿ ಕೂತು ಕಲಿತವಳು. ಕಲಿತದ್ದು ಬೆತ್ತದ ಭಯ ಒಂದನ್ನೇ. ಅದಕ್ಕೇ ನಿನ್ನನ್ನು ಮಾವಿನ ಮರದ ಕೆಳಗೆ ಇದೇ ಶಾಲೆ ಶುರುಮಾಡಿದ ತಬಿಯಾ ಅಮ್ಮನ ಹತ್ತಿರ ಬಿಟ್ಟೆ. ಸೇರಿದ ಹೊಸದರಲ್ಲೇ ನೀನು ಗಾಜಿನ ಹೂಜಿ ಒಡೆದೆ. ಆಕೆ ಬೈಯಲಿಲ್ಲ, ನಿನ್ನ ಅಳತೆಯ ಪೊರಕೆಯೊಂದನ್ನು ಕೈಗೆ ಕೊಟ್ಟು, "ಇನ್ನೊಂದು ಹೂಜಿ ಅಲ್ಲಿದೆ ನೋಡು" ಎಂದಳು. ಅಂದಿನಿಂದ ನೀನು ಗಾಜನ್ನು ಹಸುಗೂಸಿನ ಹಾಗೆ ಎತ್ತಿಕೊಂಡು ನಡೆಯುತ್ತಿದ್ದೆ. ಬೀಗ ಜಡಿದದ್ದು ಅದೇ ಕೈ.

ಶಾಲೆ ನಡೆಸುವುದು ಕಷ್ಟ, ಒಪ್ಪಿದೆ. ಆದರೆ ಆ ಮಾತನ್ನು ನನ್ನ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತ ಹೇಳಬೇಡ. ಶನಿವಾರ ಪೋಷಕರ ಸಭೆಯಲ್ಲಿ ಸೌಮುವನ್ನು ಕರೆದುಕೊಂಡು ಮುಂದಿನ ಸಾಲಿನಲ್ಲೇ ಕೂರುತ್ತೇನೆ. ಒಬ್ಬ ಅಪ್ಪನ ಕೂಗಾಟಕ್ಕೆ ಹೆದರಿ ಅವಳ ಬೆರಳುಗಳನ್ನು ಯಾಕೆ ತೆತ್ತೆ ಎಂದು ಅವಳ ಮುಖ ನೋಡಿ ಹೇಳು.

ಸಿಟ್ಟಿನಲ್ಲೂ ನಿನ್ನವಳೇ ಆದ
ಅಮ್ಮ, ಹಿದಾಯಾ

ಮರೆತಿದ್ದೆ: ಬುಧವಾರದಿಂದ ನನ್ನ ಮನೆಯ ತುರಿಮಣೆ ಅಂಗಳದ ಬೇವಿನ ಕೆಳಗಿದೆ. ಸೌಮು ಬರುತ್ತಾಳೆ. ಅಜ್ಜಿಮನೆಯಲ್ಲಿ ಮರಗೆಣಸಿನ ಚಿಪ್ಸ್ ತಿಂದು ಬರುತ್ತೇನೆಂದು ನಿನಗೆ ಹೇಳಿ ನಿನ್ನ ಮಗಳು ನಸ್ರಾಳೂ ಬರುತ್ತಾಳೆ. ನಿನ್ನೆ ಅವಳ ಹೆಬ್ಬೆರಳು ತರಚಿತು. ತಾನೇ ತೊಳೆದು, ಬಟ್ಟೆ ಸುತ್ತಿಕೊಂಡು, ಮತ್ತೆ ಕೂತು ಹೋಳು ಮುಗಿಸಿದಳು. ಬೆಕ್ಕು ಪರಚಿತು ಎಂದು ನಿನಗೆ ಹೇಳಿದಳಂತೆ. ನನ್ನ ಮನೆಯಲ್ಲಿ ಬೆಕ್ಕಿಲ್ಲ. ನಿನ್ನ ನೋಟೀಸು ಆ ಮಗುವಿಗೆ ಕಲಿಸಿದ ಮೊದಲ ಪಾಠ ಸುಳ್ಳು ಹೇಳುವುದು. ಇನ್ನು ನನ್ನ ಅಂಗಳಕ್ಕೂ ಬೀಗ ಹಾಕುತ್ತೀಯಾ? ಅದನ್ನೂ ಶನಿವಾರವೇ, ಎಲ್ಲರ ಎದುರು, ಗಟ್ಟಿಯಾಗಿ ಹೇಳು.