ಖಾಲಿ ಗೂಟ

ಹಲಬರ್ಗಾ, ಭಾಲ್ಕಿ ತಾಲೂಕ
೨೦ ಅಕ್ಟೋಬರ್ ೧೯೪೮

ಪ್ರೀತಿಯ ಮನ್ಮಥಣ್ಣಾ,

ನಿನ್ನ ಪಾದಕ್ಕ ತಂಗಿಯ ನಮಸ್ಕಾರ. ಪಾದ ಕಣ್ಣಿಗೆ ಕಾಣೋ ವಸ್ತು, ಆದ್ದರಿಂದ ನಿನ್ನ ತಕರಾರು ಇರಲಿಕ್ಕಿಲ್ಲ. ಸೋಲಾಪುರದಾಗ ದೇಹ ಆರಾಮ ಅದ ಏನು? ಕೆಮ್ಮು ಹೋಯ್ತೋ? ಆತ್ಮದ ಕ್ಷೇಮ ಕೇಳಂಗಿಲ್ಲ. ಅದು ಇಲ್ಲೇ ಇಲ್ಲಂತ ನೀನೇ ಸಾರಿ ಹೋಗೀದಿ. ಅವ್ವ, ನಾನು, ಎಮ್ಮಿ ಮೂವರೂ ಸುಖರೂಪ. ದೀಪಾವಳಿಗೆ ಬರ್ತೇನಿ ಅಂತ ನೀ ಬರೆದದ್ದನ್ನ ಅವ್ವಗ ಓದಿ ಹೇಳಿದೆ. ಅದರ ಮಾತು ಕಡೀಗೆ. ಮೊದಲು ನಿನ್ನ ಭೌತವಾದಕ್ಕ ನನ್ನದೊಂದು ಗಂಭೀರ ಪ್ರಶ್ನೆ.

ಊರು ಬಿಡೋ ಮುಂದ ನೀ ಕೊರಳಾಗಿನ ಇಷ್ಟಲಿಂಗ ಬಿಚ್ಚಿ ಗೂಟಕ್ಕ ಹಾಕಿ, "ಇದು ಬರೇ ಕಲ್ಲು. ಅರಿವು ಮೆದುಳಿನ ಕೆಲಸ, ನೀತಿ ಹೊಟ್ಟಿ ಕಲಿಸಿದ್ದು" ಅಂದಿದ್ದಿ. ಅವ್ವ ಅಂದು ಉಣಲಿಲ್ಲ. ಆಮ್ಯಾಲ ದಿನಾ ನಿನ್ನ ಲಿಂಗಕ್ಕೂ ವಿಭೂತಿ ಹಚ್ಚಿ ಅದೇ ಗೂಟಕ್ಕ ಹಾಕ್ತಿದ್ದಳು. ಒಬ್ಬರ ಲಿಂಗ ಇನ್ನೊಬ್ಬರ ಮೈಮ್ಯಾಲ ಬರಬಾರದು ಅಂತ ನನಗೂ ಮುಟ್ಟಗೊಡ್ತಿರಲಿಲ್ಲ. ಮಿಲಿಟರಿ ಬಂದು ರಜಾಕಾರರು ಓಡಿದ ಮ್ಯಾಲ, ಸೇಡಿಗಂತ ಪರವೂರ ಗುಂಪೊಂದು ಮುಸಲ್ಮಾನರನ್ನ ಮನಿಮನಿ ಹುಡುಕ್ಕೊಂತ ಬಂತು. ಪಕ್ಕದ ಮನಿ ವಜೀರಬೀ ಮಗ, ನಿನ್ನ ಅಂಗಿ ಹೊಲಿತಿದ್ದ ಹಬೀಬ, ಯಾರಿಗೂ ಏನೂ ಮಾಡದವ, ಹಿತ್ತಲಗೋಡಿ ಜಿಗಿದು ನಮ್ಮ ಅಡಗಿಮನಿಗೆ ಬಂದ. ಅವ್ವ ಗೂಟದಿಂದ ನಿನ್ನ ಲಿಂಗ ತಗದು ಅವನ ಕೊರಳಿಗೆ ಕಟ್ಟಿದಳು, ಹಣಿಗೆ ವಿಭೂತಿ ಎಳೆದಳು, ಕಂಬಳಿ ಹೊಚ್ಚಿ ಮಲಗಿಸಿದಳು. ಕೊಡ್ಲಿ ಹಿಡಿದವ ಬಾಗಿಲಿಗೆ ಬಂದು "ಯಾರವ?" ಅಂದ. "ನನ್ನ ಮಗ ಮನ್ಮಥ. ಜ್ವರ ಬಂದಾವ. ಚಪ್ಪಲಿ ಹೊರಗ ಬಿಡ್ರಿ" ಅಂದಳು. ಅವ ಚಪ್ಪಲಿ ಬಿಟ್ಟ, ಲಿಂಗ ನೋಡಿದ, ಕೈ ಮುಗಿದು ಹೋದ.

ಕಲ್ಲಿಗೆ ಕೈ ಮುಗಿದವ ಕೊಲ್ಲಾಕ ಬಂದಿದ್ದ. ಹಂಗಾಗಿ ಕಲ್ಲಿನ ವಿಷಯದಾಗ ನೀ ಗೆದ್ದಿ ಅನ್ನು. ಆದರ ಅವ್ವಗ ಹೊಟ್ಟಿ ಏನು ಹೇಳಿತ್ತು? ಅಂದು ಸೋಮವಾರ, ಆಕಿ ಉಪವಾಸ. ಕೈ ನಡಗ್ತಿತ್ತು, ನಾ ನೋಡೀನಿ. ಆ ನಡುಕ ಮೆದುಳಿಂದಾದರ, ನಡಗ್ಕೊಂತನೇ ಗಂಟು ಹಾಕಿದ್ದು ಯಾವುದು? ಅದೂ ಮೆದುಳೇ ಅಂತೀ. ಇರಬಹುದು. ಗೆಲ್ಲಾಕಂತ ಕೇಳಾಕತ್ತಿಲ್ಲ ಅಣ್ಣಾ, ತಿಳೀಲಾರದ ಕೇಳಾಕತ್ತೀನಿ.

ಅವ್ವನ ಆಶೀರ್ವಾದ ಅದ. ನಂಬದಿದ್ದರೂ ಇಟ್ಕೋ.

ನಿನ್ನ ತಂಗಿ,
ಕಸ್ತೂರಿ

ತಾ.ಕ.: ದೀಪಾವಳಿಗೆ ಬರಬ್ಯಾಡ. ಆ ಕೊಡ್ಲಿಯವ ಸಂತಿಗೆ ಬಂದಾಗೆಲ್ಲ "ಮನ್ಮಥ ಹ್ಯಾಂಗಿದ್ದಾನ್ರಿ?" ಅಂತ ಬಾಗಿಲಿಗೆ ಬರ್ತಾನ. ಹಬೀಬ ಇನ್ನೂ ನಿನ್ನ ಹೆಸರಿನ ಮ್ಯಾಲ ನಮ್ಮ ಮನ್ಯಾಗೇ ಇದ್ದಾನ, ಊರವರು ಯಾರೂ ಬಾಯಿ ಬಿಟ್ಟಿಲ್ಲ. ನೀ ಸ್ಟೇಶನ್ನಿನಾಗ ಇಳಿದರ ಮನ್ಮಥರು ಇಬ್ಬರಾಗ್ತಾರ, ಒಬ್ಬ ಉಳಿಯಂಗಿಲ್ಲ. ದಾರಿ ನೆಟ್ಟಗಾದ ಮ್ಯಾಲ ಹಬೀಬನ್ನ ಬೀದರಕ್ಕ ಮುಟ್ಟಿಸ್ತೇವಿ, ಆಗ ಬಾ. ಹಿಂಗ ಬರಿ ಅಂದಾಕಿ ಅವ್ವ. ಹಂಗ ಹೇಳಿ, ನಿನಗಂತ ಇಟ್ಟಿದ್ದ ಹೊಸ ಧೋತರ ಹಬೀಬಗ ಕೊಟ್ಟು, ಖಾಲಿ ಗೂಟ ನೋಡ್ಕೊಂತ ಕೂತಾಳ. ಓದಿ ಒಲಿಗೆ ಹಾಕು.